ಗಣಕಕ್ಕೆ ತೂಕ ಹೇಳುವಾಗ

ಹೋದ ಪಾಠದಲ್ಲಿ ಎರಡು ಗಾಡಿ ಕಬ್ಬಿನ ತೂಕ ಕೇಳಿ ಕೂಡಿಸುವ ಸಣ್ಣ ಪೈಥಾನ್ ಪ್ರೋಗ್ರಾಮನ್ನು ಬರೆದೆವಷ್ಟೆ. 2 ಮತ್ತು 3 ಕೊಟ್ಟ ಮಿತ್ರರೊಬ್ಬರಿಗೆ 23 ಟನ್ ಬಂದು ವಾಚನಾಲಯವೆಲ್ಲ ನಕ್ಕಿತು. ‘ಇನ್‌ಪುಟ್’ ನಾವು ಒತ್ತಿದ್ದನ್ನು ಬರೀ ಅಕ್ಷರಗಳೆಂದೇ ತಂದೊಪ್ಪಿಸುತ್ತದೆ. ಅಕ್ಷರಗಳನ್ನು ಕೂಡಿಸಿದರೆ ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ‘ಫ್ಲೋಟ್’ಗೆ ಕೊಟ್ಟ ಮೇಲೆಯೇ ಅದು ದಶಾಂಶವುಳ್ಳ ಸಂಖ್ಯೆ.

ಆದರೆ ‘ಎರಡೂವರೆ’ ಎಂದು ಬರೆದರೆ? ಬಿಂದುವಿನ ಬದಲು ಅಲ್ಪವಿರಾಮ ಹಾಕಿದರೆ? ‘ವ್ಯಾಲ್ಯೂ ಎರರ್’ ಎಂದು ಪ್ರೋಗ್ರಾಮು ಅಲ್ಲೇ ನಿಂತುಬಿಡುತ್ತದೆ. ಆದುದರಿಂದ ಆ ಸಾಲನ್ನು ‘ಟ್ರೈ’ ಕೆಳಗಿಟ್ಟು, ‘ಎಕ್ಸೆಪ್ಟ್ ವ್ಯಾಲ್ಯೂ ಎರರ್’ ಕೆಳಗೆ “ಅಂಕಿಯಲ್ಲಿ ಬರೆಯಿರಿ, 1.850 ಎಂಬಂತೆ” ಎಂದು ತೋರಿಸಬೇಕು. ಬರೀ “ತಪ್ಪು” ಎಂದರೆ ಒತ್ತುವವನಿಗೆ ಏನು ತಿಳಿದೀತು? ಇದೆಲ್ಲವನ್ನೂ ‘ವೈಲ್ ಟ್ರೂ’ ಸುತ್ತಿನೊಳಗೆ ಇಟ್ಟರೆ, ‘ಬ್ರೇಕ್’ ಸಿಕ್ಕುವ ತನಕ ಮತ್ತೆ ಮತ್ತೆ ಕೇಳುತ್ತದೆ. (ಅಂದಹಾಗೆ, ಕನ್ನಡದ ೨.೫ ಆಗಲಿ, ಇಂದಾಪುರದ ಅಂಗಡಿಗಳ ಮರಾಠಿ ಅಂಕಿಯಾಗಲಿ, ಫ್ಲೋಟ್ ಎರಡನ್ನೂ ಒಪ್ಪುತ್ತದೆ.)

ಅಂಕಿಯಾದ ಮಾತ್ರಕ್ಕೆ ತೂಕವಾಗಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಕಾಟಾದಲ್ಲಿ ರಾತ್ರಿ ಪಾಳಿಯಲ್ಲಿದ್ದ ನಾನು 1.850 ಟನ್ನಿಗೆ 0.185 ಎಂದು ಒತ್ತಿದೆ. ಗಣಕ ತುಟಿಪಿಟಕ್ಕೆನ್ನಲಿಲ್ಲ. ಕಡಿಯುವವರ ಕೂಲಿ ಟನ್ನಿನ ಮೇಲೆ. ಆ ಗಾಡಿಯ ಕೂಲಿ ಹತ್ತರಲ್ಲೊಂದು ಪಾಲಾಯಿತು. ಬಟವಾಡೆಯ ದಿನ ವಿಜಯಪುರದ ಕಡೆಯ ತಾಯಿಯೊಬ್ಬಳು ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿ, “ಸಾಹೇಬ್ರ, ಇಷ್ಟ ಕಬ್ಬಿಗೆ ಎರಡ ಎತ್ತ ಯಾಕ ಬೇಕಿತ್ರಿ?” ಎಂದಳು. ಚೀಟಿ ಇದ್ದುದರಿಂದ ಸರಿಹೋಯಿತು.

ಆಕೆಯ ಪ್ರಶ್ನೆಯನ್ನೇ ‘ಬ್ರೇಕ್’ನ ಮುಂದೆ ನಿಲ್ಲಿಸಿರಿ: ತೂಕ 0.5ಕ್ಕಿಂತ ಹೆಚ್ಚು, 4ಕ್ಕಿಂತ ಕಡಿಮೆ ಇದ್ದರೆ ಮಾತ್ರ ಹೊರಬರಲಿ. ಈ ಮಿತಿಗಳು ಪಾಠಕ್ಕಾಗಿ ಹಾಕಿದವು. ನಿಮ್ಮಲ್ಲಿ ಗಾಡಿ ಹೊಡೆಯುವವರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಇದನ್ನು ತಿರುಗಿಸಿ “ಕಡಿಮೆಯಾದರೆ ಬೇಡ, ಹೆಚ್ಚಾದರೆ ಬೇಡ” ಎಂದು ಬರೆಯಬೇಡಿರಿ. ಎನ್, ಎ, ಎನ್ ಎಂಬ ಮೂರು ಇಂಗ್ಲಿಷ್ ಅಕ್ಷರ ಒತ್ತಿದರೆ ಫ್ಲೋಟ್ ಅದನ್ನು ‘ಸಂಖ್ಯೆಯಲ್ಲದ್ದು’ ಎಂಬ ವಿಚಿತ್ರ ಬೆಲೆಯಾಗಿ ಒಪ್ಪಿಕೊಳ್ಳುತ್ತದೆ. ಅದು ಯಾವುದಕ್ಕೂ ಕಡಿಮೆಯಲ್ಲ, ಹೆಚ್ಚೂ ಅಲ್ಲ, ಆದ್ದರಿಂದ ನುಸುಳಿಬಿಡುತ್ತದೆ.

1.850ರ ಬದಲು 1.580 ಎಂದು ಒತ್ತಿದರೆ ಮಾತ್ರ ಯಾವ ಮಿತಿಯೂ ಹಿಡಿಯಲಾರದು. ಬರೆದಿಡುವ ಮುನ್ನ ಚೀಟಿಯ ನಂಬರು, ತೂಕ ಎರಡನ್ನೂ ತೆರೆಯ ಮೇಲೆ ತೋರಿಸಿ “ಸರಿಯೇ? ಹೌದು, ಅಲ್ಲ” ಎಂದು ಕೇಳಿಸಿರಿ; ಎದುರಿಗಿದ್ದವರಿಗೂ ಓದಿ ಹೇಳಿರಿ. ಆ ಹೌದು–ಅಲ್ಲಗಳಿಗೂ ಇಂಥದೇ ಒಂದು ಸುತ್ತು ಬೇಕು. ಅದನ್ನು ಮುಂದಿನ ಪಾಠದೊಳಗೆ ನೀವೇ ಬರೆದು ತನ್ನಿರಿ.