ಮೂಲವೂ ಪ್ರತಿಯೂ

ಕಳೆದುಹೋಗುವುದನ್ನು ಹಿಡಿದಿಡಬೇಕೆಂಬ ಹಂಬಲವು ಮಾನವನಿಗೆ ಬಹು ಹಿಂದಿನಿಂದಲೂ ಇದೆ. ಕಲ್ಲಿನಲ್ಲಿ ಕಡೆದ ಶಾಸನ, ತಾಳೆಗರಿಯಲ್ಲಿ ಕೊರೆದ ಗ್ರಂಥ, ಗೋಡೆಗೆ ತೂಗುಹಾಕಿದ ಭಾವಚಿತ್ರ ಇವೆಲ್ಲವೂ ಆ ಹಂಬಲದ ಫಲಗಳೇ. ಚಲಿಸುವ ಚಿತ್ರವನ್ನೂ ಅದರೊಡನೆ ಧ್ವನಿಯನ್ನೂ ಹಿಡಿದಿಡುವ ಸಾಧನವು ಒಂದು ಕಾಲದಲ್ಲಿ ಚಲನಚಿತ್ರ ತಯಾರಿಸುವವರ ಬಳಿಯಲ್ಲಿ ಮಾತ್ರ ಇದ್ದಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದು ಕ್ಯಾಮ್‌ಕಾರ್ಡರ್ ಎಂಬ ಕೈಯಂತ್ರದ ರೂಪದಲ್ಲಿ ಗೃಹಸ್ಥರ ಮನೆಯನ್ನೂ ಪ್ರವೇಶಿಸಿತು. ಆದರೆ ಹಿಡಿದಿಡುವುದು ಒಂದು ಕೆಲಸ. ಹಿಡಿದಿಟ್ಟುದನ್ನು ಕತ್ತರಿಸಿ, ಜೋಡಿಸಿ, ಓರಣಗೊಳಿಸುವುದು ಇನ್ನೊಂದು ಕೆಲಸ. ಈ ಎರಡನೆಯದನ್ನು ಸಂಕಲನವೆಂದು ಕರೆಯುತ್ತಾರೆ. ಮೊದಲನೆಯದು ಸುಲಭವಾದಂತೆಲ್ಲ ಎರಡನೆಯದು ಕಠಿಣವಾದುದನ್ನು ನಮ್ಮ ಮನೆಯವರು ಅನುಭವದಿಂದಲೇ ಅರಿತರು.

2008ರಲ್ಲಿ ನಮ್ಮ ಅಕ್ಕನ ಮದುವೆಯಾಯಿತು. ಆಗ ಅಜ್ಜಿಗೆ ಎಂಬತ್ತು ದಾಟಿತ್ತು. ಮದುಮಗಳನ್ನು ಹಸೆಗೆ ಕರೆಯುವಾಗ ಅವರು ಗೋಡೆಗೊರಗಿ ಕುಳಿತು, ತಮ್ಮ ತಾಯಿಯಿಂದ ಕಲಿತ ಹಾಡುಗಳನ್ನು ಒಂದಾದಮೇಲೊಂದರಂತೆ ಹಾಡಿದರು. ಚಿಕ್ಕಪ್ಪನವರು ಹೊಸದಾಗಿ ಕೊಂಡಿದ್ದ ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರನ್ನು ಹಿಡಿದು, ಅರ್ಧ ಗಂಟೆಗೂ ಮೀರಿ ಒಂದೇ ಸಮನೆ ಆ ದೃಶ್ಯವನ್ನು ಚಿತ್ರೀಕರಿಸಿದರು. ಆ ಹಾಡುಗಳನ್ನು ಪೂರ್ತಿಯಾಗಿ ಬಲ್ಲವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮದುವೆಯ ಗದ್ದಲ ಮುಗಿದ ಮೇಲೆ ಚಿಕ್ಕಪ್ಪನವರು ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿದ್ದ ಫೈಲುಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡರು. ಎಲ್ಲರೂ ಸುತ್ತ ನೆರೆದು ಕುಳಿತೆವು. ಅಜ್ಜಿಯ ಧ್ವನಿ ಕೇಳಿಸಿತು. ಮುಖವು ಮಾತ್ರ ತೆರೆಯ ಮೇಲೆ ಸ್ತಬ್ಧವಾಗಿ ನಿಂತಿತು. ಸ್ವಲ್ಪ ಹೊತ್ತಿನ ಬಳಿಕ ಚಿತ್ರವು ತಟ್ಟನೆ ಮುಂದಕ್ಕೆ ಹಾರಿತು. ಸಂಕಲನದ ತಂತ್ರಾಂಶವಂತೂ ಆ ಫೈಲುಗಳನ್ನು ಒಳಗೆ ಸೇರಿಸಿಕೊಳ್ಳಲೇ ಇಲ್ಲ. ಚಿಕ್ಕಪ್ಪನವರು ಪರೀಕ್ಷೆಗೆಂದು ಒಂದು ಫೈಲನ್ನು ಡಿವಿಡಿಗೆ ಬರೆದುಕೊಂಡು ಪೇಟೆಯ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯಾತನು ನೋಡಿ, "ಎಲ್ಲವನ್ನೂ ಚಿಕ್ಕದು ಮಾಡುವ ಉಪಾಯ ಹೇಳಿಕೊಡುತ್ತೇನೆ ಸಾರ್. ಆಮೇಲೆ ಈ ದೊಡ್ಡ ಫೈಲುಗಳನ್ನು ಅಳಿಸಿಬಿಡಿ. ಓಡದೆ ಇರುವುದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಸುಮ್ಮನೆ ಜಾಗ ದಂಡ" ಎಂದನು. ಮಾತು ಯುಕ್ತವಾಗಿಯೇ ತೋರಿತು. ಚಿಕ್ಕಪ್ಪನವರು ಅಂತೆಯೇ ಮಾಡಿದರು. ಚಿಕ್ಕದಾದ ಚಿತ್ರಗಳು ಸರಾಗವಾಗಿ ಓಡಿದವು. ಮುಖಗಳು ಮಸುಕಾಗಿದ್ದವು, ಆದರೂ ಓಡುತ್ತಿವೆಯಲ್ಲ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಮರುವರ್ಷದ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು.

ಕ್ಯಾಮೆರಾವು ಸೆರೆಹಿಡಿದ ಚಿತ್ರವನ್ನು ಕಂಪ್ಯೂಟರು ಏಕೆ ಓಡಿಸಲಾರದೆ ಹೋಯಿತು? ಇದನ್ನು ತಿಳಿಯಲು ಸ್ವಲ್ಪ ಲೆಕ್ಕ ಹಾಕೋಣ. ಡಿಜಿಟಲ್ ಚಿತ್ರವೆಂಬುದು ಬಣ್ಣದ ಚುಕ್ಕಿಗಳ ಸಮೂಹ. 1995ರಲ್ಲಿ ಬಳಕೆಗೆ ಬಂದ ಡಿವಿ ಎಂಬ ಪದ್ಧತಿಯಲ್ಲಿ, ನಮ್ಮ ದೇಶದ ದೂರದರ್ಶನದ ಅಳತೆಗೆ ಅನುಗುಣವಾಗಿ, ಒಂದು ಚಿತ್ರದಲ್ಲಿ ಅಡ್ಡಲಾಗಿ 720, ಉದ್ದಕ್ಕೆ 576, ಅಂದರೆ ಒಟ್ಟು 4,14,720 ಚುಕ್ಕಿಗಳಿದ್ದವು. ಪೂರ್ಣ ಹೈ ಡೆಫಿನಿಷನ್ ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಅಂದರೆ 20,73,600 ಚುಕ್ಕಿಗಳು. ಹಿಂದಿನದರ ಐದು ಪಟ್ಟು. ಪ್ರತಿಯೊಂದು ಚುಕ್ಕಿಗೆ ಮೂರು ಬೈಟುಗಳಂತೆ, ಸೆಕೆಂಡಿಗೆ 25 ಚಿತ್ರಗಳಂತೆ ಎಲ್ಲವನ್ನೂ ಹಾಗೆಯೇ ಬರೆದಿಡುವುದಾದರೆ ಒಂದು ಗಂಟೆಯ ದೃಶ್ಯಕ್ಕೆ ಸುಮಾರು 560 ಗಿಗಾಬೈಟುಗಳಷ್ಟು ಜಾಗ ಬೇಕು. ಉಗುರಿನಗಲದ ಕಾರ್ಡಿನಲ್ಲಿ ಇದು ಹಿಡಿಸುವುದಾದರೂ ಹೇಗೆ? ಆದುದರಿಂದ ಚಿತ್ರವನ್ನು ಸಂಕುಚಿಸುವುದು ಅನಿವಾರ್ಯವಾಯಿತು.

ಸಂಕುಚಿಸುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ದಿನಸಿ ಅಂಗಡಿಯ ಯಜಮಾನನೊಬ್ಬನು ಪ್ರತಿದಿನ ಸಂಜೆ ಅಂಗಡಿಯಲ್ಲಿರುವ ಸಮಸ್ತ ಸಾಮಾನುಗಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತಾನೆ ಎಂದುಕೊಳ್ಳಿ. ಪುಸ್ತಕವು ದಪ್ಪವಾಗುವುದು ನಿಜ. ಆದರೆ ಯಾವ ದಿನದ ಪುಟವನ್ನು ತೆರೆದರೂ ಆ ದಿನದ ಸ್ಥಿತಿಯು ಒಡನೆಯೇ ತಿಳಿಯುತ್ತದೆ. ಇನ್ನೊಬ್ಬ ಯಜಮಾನನು ತಿಂಗಳ ಮೊದಲ ದಿನ ಮಾತ್ರ ಪೂರ್ಣ ಪಟ್ಟಿಯನ್ನು ಬರೆದು, ಉಳಿದ ದಿನಗಳಲ್ಲಿ ಬಂದದ್ದು, ಹೋದದ್ದು ಇವನ್ನಷ್ಟೇ ಬರೆಯುತ್ತಾನೆ. ಅವನ ಪುಸ್ತಕವು ತೆಳುವಾಗಿರುತ್ತದೆ; ಆದರೆ ಹದಿನೇಳನೆಯ ದಿನ ಎಷ್ಟು ಅಕ್ಕಿ ಇತ್ತೆಂದು ಕೇಳಿದರೆ, ಮೊದಲ ಪುಟದಿಂದ ಕೂಡಿ ಕಳೆದು ಬರದೆ ಅವನು ಹೇಳಲಾರನು.

ಡಿವಿ ಪದ್ಧತಿಯು ಮೊದಲನೆಯ ಯಜಮಾನನಂತೆ. ಅಲ್ಲಿ ಒಂದೊಂದು ಚಿತ್ರವೂ ಸ್ವತಂತ್ರ. 2006ರಲ್ಲಿ ಜಪಾನಿನ ಸೋನಿ ಮತ್ತು ಪ್ಯಾನಸಾನಿಕ್ ಕಂಪನಿಗಳು ಕೂಡಿ ಪ್ರಕಟಿಸಿದ ಎವಿಸಿಎಚ್‌ಡಿ ಪದ್ಧತಿಯು ಎರಡನೆಯ ಯಜಮಾನನಂತೆ. ಇದರ ತಳಹದಿಯು 2003ರಲ್ಲಿ ರೂಪುಗೊಂಡ ಎಚ್.264 ಎಂಬ ಸಂಕೋಚನ ವಿಧಾನ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಬರೆದು, ನಡುವಣ ಚಿತ್ರಗಳಲ್ಲಿ ಏನು ಬದಲಾಯಿತೆಂಬುದನ್ನು ಮಾತ್ರ ಬರೆಯುವುದು ಇದರ ಕ್ರಮ. ಅಜ್ಜಿ ಒರಗಿದ್ದ ಗೋಡೆಯು ಅಲುಗುವುದಿಲ್ಲ. ಅದನ್ನು ಪದೇ ಪದೇ ಬರೆಯುವುದೇಕೆ? ತುಟಿಯ ಚಲನೆಯನ್ನು, ಕೈಯ ತಾಳವನ್ನು ಬರೆದರೆ ಸಾಕಷ್ಟೆ. ಕೆಲವು ಚಿತ್ರಗಳು ತಮ್ಮ ಹಿಂದಿನವನ್ನಲ್ಲದೆ ಮುಂದಿನವನ್ನೂ ಆಶ್ರಯಿಸಿರುತ್ತವೆ. ಹೀಗೆ ಸೆಕೆಂಡಿಗೆ 17 ಮೆಗಾಬಿಟ್ಟಿನಂತೆ ಚಿತ್ರೀಕರಿಸಿದರೆ ಒಂದು ಗಂಟೆಯ ದೃಶ್ಯವು 8 ಗಿಗಾಬೈಟಿನೊಳಗೆ ಅಡಗುತ್ತದೆ. ಐದು ಪಟ್ಟು ಚುಕ್ಕಿಗಳಿದ್ದರೂ ಇದು ಡಿವಿಗಿಂತ ಕಡಮೆ ಜಾಗವನ್ನು ಬೇಡುತ್ತದೆ. ಜಾಣತನದಲ್ಲಿ ಇದು ಸಣ್ಣ ಸಾಧನೆಯಲ್ಲ.

ಆದರೆ ಜಾಗದಲ್ಲಿ ಉಳಿಸಿದುದನ್ನು ದುಡಿಮೆಯಲ್ಲಿ ತೆರಬೇಕಾಗುತ್ತದೆ. ಒಂದೊಂದು ಚಿತ್ರವನ್ನು ತೋರಿಸುವಾಗಲೂ ಕಂಪ್ಯೂಟರು ಹಿಂದಿನ ಮುಂದಿನ ಚಿತ್ರಗಳನ್ನು ನೋಡಿ ಅದನ್ನು ಮರಳಿ ಕಟ್ಟಬೇಕು. ಮೊದಲಿನಿಂದ ಕೊನೆಯವರೆಗೆ ನೋಡುತ್ತಾ ಹೋಗುವವನಿಗೇ ಇದು ಭಾರ. ಸಂಕಲನಕಾರನಾದರೋ ನೇರವಾಗಿ ಮುಂದೆ ಸಾಗುವವನಲ್ಲ. ಅವನು ಹಿಂದಕ್ಕೆ ಹೋಗುತ್ತಾನೆ, ನಡುವೆ ಇಳಿಯುತ್ತಾನೆ, ಇದೇ ಚಿತ್ರದಲ್ಲಿ ಕತ್ತರಿಸಬೇಕೆನ್ನುತ್ತಾನೆ. ಆ ಚಿತ್ರವು ಅರೆಬರೆಯಾದುದಾಗಿದ್ದರೆ, ಲೆಕ್ಕದ ಪುಸ್ತಕದ ನಡುವಿನ ಪುಟವನ್ನು ಹರಿದಂತಾಗುತ್ತದೆ. ಆ ಕಾಲದ ಸಾಮಾನ್ಯ ಗೃಹಬಳಕೆಯ ಕಂಪ್ಯೂಟರುಗಳಿಗೆ ಇಷ್ಟು ಶಕ್ತಿ ಇರಲಿಲ್ಲ. ಹಲವು ತಂತ್ರಾಂಶಗಳಿಗೆ ಈ ಹೊಸ ಲಿಪಿಯನ್ನು ಓದಲೂ ಬರುತ್ತಿರಲಿಲ್ಲ. ದೋಷವು ಚಿತ್ರದಲ್ಲಿ ಇರಲಿಲ್ಲವೆಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು.

ಇದಕ್ಕೆ ಪರಿಹಾರವೇನು? ಪರಿಹಾರವು ಹಳೆಯ ಚಲನಚಿತ್ರ ಸಂಕಲನಕಾರರ ಮೇಜಿನ ಮೇಲೆಯೇ ಇದ್ದಿತು. ಸೆಲ್ಯುಲಾಯಿಡ್ ಸುರುಳಿಯ ಕಾಲದಲ್ಲಿ ಕ್ಯಾಮೆರಾದಿಂದ ಹೊರಬಂದ ಮೂಲ ನೆಗೆಟಿವಿಗೆ ಯಾರೂ ಅವಸರದಲ್ಲಿ ಕತ್ತರಿ ತಾಗಿಸುತ್ತಿರಲಿಲ್ಲ. ಅದರಿಂದ ಒಂದು ಪ್ರತಿಯನ್ನು ಮುದ್ರಿಸಿ, ಆ ಕೆಲಸದ ಪ್ರತಿಯ ಮೇಲೆಯೇ ಕತ್ತರಿಸುವುದು, ಅಂಟಿಸುವುದು, ಬಿಚ್ಚುವುದು ಎಲ್ಲವೂ ನಡೆಯುತ್ತಿದ್ದಿತು. ಅದರ ಮೇಲೆ ಗೀರು ಬಿದ್ದರೂ ಚಿಂತೆಯಿಲ್ಲ. ಎಲ್ಲವೂ ನಿಶ್ಚಯವಾದ ಬಳಿಕ, ಸುರುಳಿಯ ಅಂಚಿನಲ್ಲಿದ್ದ ಅಂಕಿಗಳ ನೆರವಿನಿಂದ ಮೂಲವನ್ನು ಅದಕ್ಕೆ ಸರಿಯಾಗಿ ಒಮ್ಮೆ ಮಾತ್ರ ಕತ್ತರಿಸುತ್ತಿದ್ದರು.

ಕಂಪ್ಯೂಟರಿನಲ್ಲಿಯೂ ಇದೇ ನೀತಿಯನ್ನು ಎರಡು ಬಗೆಯಲ್ಲಿ ಅನುಸರಿಸಬಹುದು. ಮೊದಲನೆಯದು, ಚಿತ್ರವನ್ನು ಪ್ರತಿಯೊಂದು ಚೌಕಟ್ಟೂ ಸ್ವತಂತ್ರವಾಗಿರುವ ಮಧ್ಯಂತರ ರೂಪಕ್ಕೆ ಪರಿವರ್ತಿಸುವುದು. ಇದಕ್ಕೆ ಮೂಲದ ಹಲವು ಪಟ್ಟು ಜಾಗ ಬೇಕಾದರೂ ಕಂಪ್ಯೂಟರಿನ ದುಡಿಮೆ ಹಗುರವಾಗುತ್ತದೆ. ಆಪಲ್ ಕಂಪನಿಯು 2007ರಲ್ಲಿ ಹೊರತಂದ ಐಮೂವಿ ತಂತ್ರಾಂಶವು ಎವಿಸಿಎಚ್‌ಡಿ ಚಿತ್ರವನ್ನು ಒಳಗೆ ಸೇರಿಸಿಕೊಳ್ಳುವಾಗಲೇ ಹೀಗೆ ಪರಿವರ್ತಿಸುತ್ತಿದ್ದಿತು. ಎರಡನೆಯದು, ಚಿತ್ರದ ಕಿರಿದಾದ ಪ್ರತಿಯೊಂದನ್ನು ಮಾಡಿಕೊಂಡು ಅದರ ಮೇಲೆ ಸಂಕಲನ ನಡೆಸುವುದು. ಇಂತಹ ಪ್ರತಿಗೆ ಪ್ರಾಕ್ಸಿ ಎಂದು ಹೆಸರು. ಕೆಲಸ ಮುಗಿದು ಅಂತಿಮ ಚಿತ್ರವನ್ನು ಸಿದ್ಧಪಡಿಸುವಾಗ ತಂತ್ರಾಂಶವು ಕಿರಿಯ ಪ್ರತಿಯನ್ನು ಬದಿಗಿಟ್ಟು ಮೂಲದಿಂದಲೇ ಚಿತ್ರಗಳನ್ನು ತೆಗೆದುಕೊಳ್ಳುತ್ತದೆ. ಉಚಿತವಾಗಿ ದೊರೆಯುವ ಕೆಡೆನ್‌ಲೈವ್‌ನಂತಹ ತಂತ್ರಾಂಶಗಳಲ್ಲಿಯೂ ಈ ಅನುಕೂಲವಿದೆ. ಅಂಗಡಿಯಾತನು ಸೂಚಿಸಿದುದೂ ಕಿರಿಯ ಪ್ರತಿಯನ್ನೇ. ಆದರೆ ಅವನು ಪ್ರತಿಯನ್ನು ಮೂಲದ ಸೇವಕನನ್ನಾಗಿ ಮಾಡದೆ ಮೂಲದ ಪೀಠದಲ್ಲಿ ಕೂರಿಸಿದನು. ತಪ್ಪು ಇದ್ದುದು ಇಲ್ಲಿ.

ಈ ಕೆಲಸಕ್ಕೆ ತೊಡಗುವವರು ಇನ್ನೂ ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಕಾರ್ಡಿನಿಂದ ಚಿತ್ರದ ಫೈಲುಗಳನ್ನಷ್ಟೇ ಆರಿಸಿ ತೆಗೆಯಬಾರದು. ಫೋಲ್ಡರುಗಳ ಇಡೀ ಜೋಡಣೆಯನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಬೇಕು. ಏಕೆಂದರೆ ಅಂತಹ ಅನೇಕ ಕಾರ್ಡುಗಳಲ್ಲಿ ಒಂದು ಫೈಲು 4 ಗಿಗಾಬೈಟನ್ನು ಮೀರುವಂತಿಲ್ಲ. ದೀರ್ಘವಾದ ದೃಶ್ಯವನ್ನು ಕ್ಯಾಮೆರಾವು ತಾನಾಗಿಯೇ ತುಂಡರಿಸಿ ಬೇರೆ ಬೇರೆ ಫೈಲುಗಳಲ್ಲಿ ಇಡುತ್ತದೆ. ಯಾವ ತುಂಡಿನ ಮುಂದೆ ಯಾವುದು ಎಂಬ ವಿವರವು ಜೊತೆಯ ಇತರ ಫೈಲುಗಳಲ್ಲಿ ಇರುತ್ತದೆ. ಸಂಕಲನದ ಅಳತೆಯನ್ನೂ ಚಿತ್ರೀಕರಣದ ಅಳತೆಗೆ ಹೊಂದಿಸಬೇಕು. ಆಗಿನ ಅನೇಕ ಕ್ಯಾಮೆರಾಗಳು ಒಂದು ಚಿತ್ರದ ಬೆಸ ಗೆರೆಗಳನ್ನು ಒಮ್ಮೆ, ಸರಿ ಗೆರೆಗಳನ್ನು ಇನ್ನೊಮ್ಮೆ ಎಂಬಂತೆ ಸೆಕೆಂಡಿಗೆ 50 ಅರೆಚಿತ್ರಗಳನ್ನು ಹಿಡಿಯುತ್ತಿದ್ದವು. ಇವುಗಳ ಸರದಿ ತಪ್ಪಿದರೆ ಚಲಿಸುವ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ತೋರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮೂಲದ ಎರಡು ನಕಲುಗಳು ಎರಡು ಬೇರೆ ಸ್ಥಳಗಳಲ್ಲಿ ಭದ್ರವಾಗುವ ತನಕ ಕಾರ್ಡನ್ನು ಬರಿದು ಮಾಡಬಾರದು.

ಕಾಲವು ಮುಂದೆ ಸಾಗಿತು. ಎಚ್.264 ಚಿತ್ರವನ್ನು ಬಿಡಿಸಿ ತೋರಿಸಲೆಂದೇ ವಿಶೇಷ ಮಂಡಲಗಳಿರುವ ಕಂಪ್ಯೂಟರುಗಳು ಸಾಮಾನ್ಯವಾದವು. 2015ರಲ್ಲಿ ಚಿಕ್ಕಪ್ಪನವರ ಕಪಾಟನ್ನು ಒಪ್ಪ ಮಾಡುವಾಗ, ಅಂಗಡಿಗೆ ಒಯ್ದಿದ್ದ ಆ ಡಿವಿಡಿಯು ನನ್ನ ಕೈಗೆ ಸಿಕ್ಕಿತು. ಹೊಸ ಕಂಪ್ಯೂಟರಿನಲ್ಲಿ ಹಾಕಿದೆವು. ಹಿಂದೆ ಹೆಜ್ಜೆ ಹೆಜ್ಜೆಗೂ ನಿಂತಿದ್ದ ಚಿತ್ರವು ನೀರಿನಂತೆ ಹರಿಯಿತು! ಅದು ಹಸೆಯ ದೃಶ್ಯದ ಎರಡನೆಯ ತುಂಡು. ಹಾಡೊಂದರ ನಡುವಿನಿಂದ ಆರಂಭವಾಗುತ್ತಿತ್ತು. ಮೊದಲನೆಯ ತುಂಡಿನ ಮೂಲವು ಅಳಿದು ಆರೇಳು ವರ್ಷಗಳೇ ಕಳೆದಿದ್ದವು. ಉಳಿದಿದ್ದ ಮಸುಕು ಪ್ರತಿಗೆ ಈ ತುಂಡನ್ನು ಜೋಡಿಸಿ ನಾನು ಒಂದು ಚಿತ್ರವನ್ನು ಸಿದ್ಧಪಡಿಸಿದೆನು.

ಅದನ್ನು ಮನೆಯವರೆಲ್ಲ ಕುಳಿತು ನೋಡಿದೆವು. ಹಾಡು ಅರ್ಧಕ್ಕೆ ಬರುವವರೆಗೆ ತೆರೆಯ ಮೇಲೆ ಇದ್ದುದು ಮುದುಕಿಯೊಬ್ಬರ ಮಸುಕಾದ ಆಕೃತಿ ಮಾತ್ರ. ಅಲ್ಲಿಂದ ಮುಂದಕ್ಕೆ ಮಂಜು ಸರಿದಂತೆ ಅಜ್ಜಿಯೇ ಎದುರಿಗೆ ಬಂದರು. ಹಣೆಯ ಸುಕ್ಕು, ಮೂಗುಬೊಟ್ಟಿನ ಹೊಳಪು, ಮೊಮ್ಮಗಳನ್ನು ಕಳುಹಿಸಿಕೊಡುವ ಸಾಲು ಬಂದಾಗ ಕಣ್ಣಂಚಿನಲ್ಲಿ ಮೂಡಿದ ನೀರು ಎಲ್ಲವೂ ಕಂಡವು. ಅಕ್ಕನ ಐದು ವರ್ಷದ ಮಗಳು, "ಮುತ್ತಜ್ಜಿ ಮೊದಲು ಯಾಕೆ ಸರಿಯಾಗಿ ಕಾಣಲಿಲ್ಲ ತಾತ?" ಎಂದು ಚಿಕ್ಕಪ್ಪನವರನ್ನು ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅವಸರಪಟ್ಟೆ, ಮಗೂ" ಎಂದರು.

ಇಂದು ಕ್ಯಾಮ್‌ಕಾರ್ಡರಿನ ಕೆಲಸವನ್ನು ಬಹುಮಟ್ಟಿಗೆ ಮೊಬೈಲು ಫೋನೇ ಮಾಡುತ್ತಿದೆ. 2013ರಲ್ಲಿ ರೂಪುಗೊಂಡ ಎಚ್.265 ಎಂಬ ವಿಧಾನವು ಚಿತ್ರವನ್ನು ಮತ್ತಷ್ಟು ಕಿರಿದಾಗಿಸಿದೆ. ಹಳೆಯ ಕಂಪ್ಯೂಟರುಗಳು ಅದರ ಮುಂದೆ ಮತ್ತೆ ತಡವರಿಸುತ್ತವೆ. ಮುಂದೆ ಇನ್ನೊಂದು ವಿಧಾನವು ಬಂದಾಗಲೂ ಹೀಗೆಯೇ ಆದೀತು. ಆಗ ನಾವು ನೆನೆಯಬೇಕಾದ ಮಾತು ಇಷ್ಟೆ: ಯಂತ್ರಕ್ಕೆ ಇಂದು ಇಲ್ಲದ ಶಕ್ತಿಯು ನಾಳೆ ಬರಬಹುದು, ಅಳಿಸಿಹೋದ ಮೂಲವು ಮಾತ್ರ ಎಂದಿಗೂ ಮರಳಿ ಬಾರದು.

ಅಭ್ಯಾಸ

1. ಡಿವಿ ಪದ್ಧತಿಗೂ ಎವಿಸಿಎಚ್‌ಡಿ ಪದ್ಧತಿಗೂ ಇರುವ ವ್ಯತ್ಯಾಸವನ್ನು ಲೆಕ್ಕದ ಪುಸ್ತಕದ ಉದಾಹರಣೆಯಿಂದ ವಿವರಿಸಿರಿ.
2. ಸಂಕುಚಿಸಿದ ಚಿತ್ರವನ್ನು ನೋಡುವುದಕ್ಕಿಂತ ಸಂಕಲಿಸುವುದು ಕಠಿಣವೇಕೆ?
3. ಸೆಲ್ಯುಲಾಯಿಡ್ ಕಾಲದ ಸಂಕಲನಕಾರರಿಂದ ನಾವು ಕಲಿಯಬೇಕಾದ ನೀತಿ ಯಾವುದು?
4. "ನಾನು ಅವಸರಪಟ್ಟೆ, ಮಗೂ": ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು? ಇದರ ಸ್ವಾರಸ್ಯವೇನು?