ಹೊಲಕ್ಕೆ ಚರಗ, ರಾತ್ರಿಗೆ ಮೂರು ಸಾಲು

ಎಳ್ಳ ಅಮಾವಾಸ್ಯೆಯ ದಿನ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೈತರು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾದ ಹೋಳಿಗೆ ಎಲ್ಲವೂ ಮೊದಲು ಭೂತಾಯಿಗೆ. ಹೀಗೆ ಹೊಲದ ತುಂಬ ಚೆಲ್ಲುವ ಎಡೆಯೇ ಚರಗ; ಅದನ್ನು ಚೆಲ್ಲಿದ ಮೇಲೆಯೇ ಊಟ. ಆ ಹೊತ್ತಿಗೆ ಹಿಂಗಾರಿ ಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ ಎಂಬುದನ್ನು ಗಮನಿಸಿ. ರಾಶಿಯಾಗಿಲ್ಲ, ಎಷ್ಟು ಚೀಲವೋ ಗೊತ್ತಿಲ್ಲ, ಏನು ಬೆಲೆಯೋ ಗೊತ್ತಿಲ್ಲ. ಫಲ ಕೈಸೇರುವ ಮೊದಲೇ ನೆಲವನ್ನು ನೆನೆಯುತ್ತೇವೆ. ದಿನವೂ ಕೃತಜ್ಞತೆ ರೂಢಿಸಿಕೊಳ್ಳಬೇಕೆನ್ನುವವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ: ಎಲ್ಲ ನೆಟ್ಟಗಾಗಲಿ ಎಂದು ಕಾಯಬೇಕಾಗಿಲ್ಲ.

"ಬೆಳೆಯೇ ಹೋದಾಗ ಯಾವುದಕ್ಕ್ರಿ ಕೃತಜ್ಞತೆ?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಮಾತು. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ಉಕ್ಕಿ ಹರಿದವು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಿದ್ದು ತೊಗರಿ ನಿಂತಲ್ಲೇ ಒಣಗಿತು. ಅಂಥದ್ದಕ್ಕೆ ಯಾರೂ ಕೈಮುಗಿಯಬೇಕಿಲ್ಲ. ನಷ್ಟವನ್ನು ನಷ್ಟವೆಂದೇ ಕರೆಯಿರಿ, ಅಳು ಬಂದರೆ ಅಳಿ. ನಾವು ಹುಡುಕುವುದು ಬೇರೆ: ಅಂಥ ದಿನವನ್ನೂ ದಾಟಿಸಿದ್ದು ಯಾರ ಕೈ?

ಕ್ರಮ ಸರಳ. ರಾತ್ರಿ ಉಂಡಾದ ಮೇಲೆ, ಅಂದು ಆದ ಮೂರು ಒಳ್ಳೆಯ ಸಂಗತಿಗಳನ್ನು ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ಅದು ಯಾರಿಂದ, ಹೇಗೆ ಆಯಿತು ಎಂದು ಸೇರಿಸಿ. ಈ ಎರಡನೆಯ ಭಾಗವನ್ನು ಬಿಡಬೇಡಿ. "ಆರೋಗ್ಯ, ಮನೆ, ಮಕ್ಕಳು" ಎಂದು ದಿನವೂ ಬರೆದರೆ ನಾಲ್ಕೇ ದಿನಕ್ಕೆ ಬೇಸರ ಬರುತ್ತದೆ. ಬದಲಿಗೆ ಹೀಗೆ ಬರೆಯಿರಿ: ವಾಡಿ ಜಂಕ್ಷನ್‌ನಲ್ಲಿ ರೈಲು ತಡವಾದಾಗ ಪಕ್ಕದಲ್ಲಿ ಕೂತಿದ್ದ ಅಕ್ಕ ಕೂಸನ್ನು ಎತ್ತಿಕೊಂಡಳು, ನನಗೆ ಅರ್ಧ ತಾಸು ಕಣ್ಣು ಹತ್ತಿತು. ಶಹಾಬಾದಿನ ಗಣಿಯಲ್ಲಿ ಬೆರಳಿಗೆ ಪೆಟ್ಟಾದಾಗ ಉಳಿದ ಪರ್ಸಿ ಕಲ್ಲನ್ನು ಜೊತೆಗಾರನೇ ಹೊತ್ತ. ಇಷ್ಟು ಸಣ್ಣದಾಗಿ, ಇಷ್ಟು ನಿಖರವಾಗಿ. ಬರೆಯಲು ಬಾರದ ಅವ್ವ ಬಾಯಲ್ಲಿ ಹೇಳಲಿ, ಶಾಲೆಗೆ ಹೋಗುವ ಮಗಳು ಬರೆದುಕೊಳ್ಳಲಿ. ಅವ್ವನ ದಿನ ಹೇಗೆ ಸಾಗುತ್ತದೆಂದು ಮಗಳಿಗೂ ತಿಳಿಯುತ್ತದೆ.

ಈ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಒಂದು ವಾರ ಹೀಗೆ ಬರೆದವರಲ್ಲಿ ಆರು ತಿಂಗಳ ನಂತರವೂ ಖಿನ್ನತೆಯ ಲಕ್ಷಣ ತಗ್ಗಿತ್ತು; ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಿಗೆ ಹೆಚ್ಚು ಗುಣ ಕಂಡಿತು. ಮುಂದಿನ ಅಧ್ಯಯನಗಳ ಪ್ರಕಾರ ಪರಿಣಾಮ ದೊಡ್ಡದೇನಲ್ಲ, ಸಾಧಾರಣ. ಕಷ್ಟದಲ್ಲಿರುವವರಿಗೆ ಆ ಸಾಧಾರಣವೂ ಬೇಕು ಎಂಬುದು ನನ್ನ ನಂಬಿಕೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ನಿಮಗೆ ನ್ಯಾಯವಾಗಿ ಬರಬೇಕಾದದ್ದನ್ನು ಉಪಕಾರದ ಲೆಕ್ಕಕ್ಕೆ ಬರೆಯಬೇಡಿ. ದುಡಿದ ಕೂಲಿ ಯಾರ ಕೊಡುಗೆಯೂ ಅಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ್ದರೆ, ಆಲಿಕಲ್ಲು ಬಿದ್ದು ಅಥವಾ ಹೊಲಕ್ಕೆ ನೀರು ನುಗ್ಗಿ ಆದ ಹಾನಿಯನ್ನು 72 ತಾಸಿನೊಳಗೆ ತಿಳಿಸಬೇಕು. ಮೊದಲು ಅದನ್ನು ಮಾಡಿ, ಪಟ್ಟಿ ರಾತ್ರಿ ಬರೆದರಾಯಿತು. ವಾರಗಟ್ಟಲೆ ನಿದ್ದೆಯಿಲ್ಲದೆ, ಬದುಕೇ ಬೇಡವೆನಿಸುತ್ತಿದ್ದರೆ ಈ ಅಭ್ಯಾಸವೊಂದೇ ಸಾಲದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಡುವೆ ಒಂದೆರಡು ದಿನ ತಪ್ಪಿದರೆ ಚಿಂತೆಯಿಲ್ಲ. ಎರಡನೆಯ ವಾರ ನಿಮ್ಮ ಪಟ್ಟಿಯಿಂದ ಒಬ್ಬರನ್ನು ಆರಿಸಿಕೊಂಡು ಅವರ ಮನೆಗೇ ಹೋಗಿ. "ಕಾಕಾ, ಅವತ್ತು ನೀವು ಎತ್ತು ಕೊಟ್ಟಿದ್ದಕ್ಕ ನಮ್ಮ ಹೊಲ ಹದಕ್ಕ ಬಿತ್ತೋದಾಯ್ತು ನೋಡ್ರಿ" ಎನ್ನಿ. ಅವರು "ಇರಲಿ ಬಿಡಪಾ, ಅದೇನು ದೊಡ್ಡದು" ಎಂದು ಮಾತು ತಿರುಗಿಸಬಹುದು. ನೀವು ಹೇಳಬೇಕಾದದ್ದನ್ನು ಪೂರ್ತಿ ಹೇಳಿಯೇ ಏಳಿ.