ಕಾವಿನ 21 ದಿವಸಗಳೂ ಆಮೇಲಿನ ಆರು ವಾರಗಳೂ

ಮೈಸೂರಿನ ಯಾದವಗಿರಿಯು ಆಕಾಶವಾಣಿ ನಿಲಯವಿರುವ ಸ್ಥಳವೆಂದು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಂಥ ಪೇಟೆಯ ಬಡಾವಣೆಯಲ್ಲಿ ಚಿಕ್ಕ ಹಿತ್ತಿಲುಳ್ಳವನೂ ನಾಲ್ಕು ಕೋಳಿಗಳನ್ನು ಸಾಕಬಹುದು. ಆದರೆ ಮನೆಯಲ್ಲಿಯೇ ಮರಿ ಮಾಡಿಸಬೇಕೆಂದರೆ ಅವನು ಹಳ್ಳಿಯ ಕಡೆಗೆ ನೋಡಬೇಕಾಗುವದು. ಯಾಕಂದರೆ ಅಂಗಡಿಯಲ್ಲಿ ಮಾರುವ ಬಿಳೀ ಮೊಟ್ಟೆಗಳು ಹುಂಜವಿಲ್ಲದ ಪಂಜರಗಳಲ್ಲಿ ಇಡಲ್ಪಟ್ಟವುಗಳು. ಅವುಗಳಿಗೆ ಎಷ್ಟು ಕಾವು ಕೊಟ್ಟರೂ ಮರಿ ಹುಟ್ಟುವದಿಲ್ಲ. ಆದುದರಿಂದ ಪೇಟೆಯಲ್ಲಿರುವ ಮಗನೋ ಮಗಳೋ ಕಾವಿನ ಮೊಟ್ಟೆ ಬೇಕೆಂದು ಹೇಳಿಕಳುಹಿಸಿದರೆ, ಎಂಟು ಹತ್ತು ಹೇಂಟೆಗಳಿಗೆ ಒಂದು ಒಳ್ಳೇ ಹುಂಜವಿರುವ ಮನೆಯಿಂದ ಆರಿಸಿ ಕೊಡಿರಿ.

ಮೊಟ್ಟೆಯು ಇಟ್ಟು ಏಳು ದಿವಸ ಮೀರಿರಬಾರದು. ಬಿರುಕು ಬಿಟ್ಟದ್ದು, ಅತಿ ಸಣ್ಣದು, ವಕ್ರವಾದದ್ದು ಬೇಡ. ಅದನ್ನು ತೊಳೆಯಕೂಡದು, ಅಗಲವಾದ ತುದಿ ಮೇಲೆ ಬರುವಂತೆ ತಂಪಾದ ಮೂಲೆಯಲ್ಲಿಡಬೇಕು. ಬಸ್ಸಿನಲ್ಲಿ ಕುಲುಕಾಡಿ ಬಂದ ಮೊಟ್ಟೆಗಳನ್ನು ಅದೇ ರೀತಿಯಲ್ಲಿ ಒಂದು ದಿವಸ ಸುಮ್ಮನೆ ಇರಗೊಟ್ಟು, ಆಮೇಲೆ ಕಾವಿಗಿಡುವದು ಉತ್ತಮ.

ನಾಟಿಹೇಂಟೆಯ ಕೆಳಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಮೊಟ್ಟೆಗಳು ಬೇಡ. ಹೆಚ್ಚಿಟ್ಟರೆ ಅಂಚಿನವುಗಳು ತಣ್ಣಗಾಗಿ, ಸರದಿಯ ಮೇಲೆ ಎಲ್ಲವೂ ಕೆಡುವವು. ಕತ್ತಲಾದ ಮೇಲೆ ಕೂರಿಸಿದರೆ ಹೇಂಟೆಯು ಸಮಾಧಾನವಾಗಿ ಕೂರುವದು. ಅದರ ಮೈಯಲ್ಲಿ ಹೇನಿದ್ದರೆ ಮೊದಲೇ ನಿವಾರಿಸಿರಿ. ಕಡಿತ ತಾಳಲಾರದೆ ಮೊಟ್ಟೆ ಬಿಟ್ಟೇಳುವ ಹೇಂಟೆಗಳು ಬಹಳ. ದಿನಕ್ಕೊಮ್ಮೆ ಅದು ಎದ್ದು ಕಾಲುಗಂಟೆ ಮೇವು ನೀರು ನೋಡಿಕೊಂಡು ಬರುವದರಿಂದ ಹಾನಿಯೇನೂ ಇಲ್ಲ. ಗುಡುಗಿಗೆ ಮೊಟ್ಟೆ ಕೆಡುವದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರನ್ನೂ ಇದ್ದಲನ್ನೂ ಇಡುವವರಿದ್ದಾರೆ. ಕಬ್ಬಿಣವು ಗುಡುಗನ್ನು ತಡೆಯದು. ಸೋರುವ ಮಾಡನ್ನು ಸರಿಮಾಡಿದರೆ ಮಾತ್ರ ಮಳೆಗಾಲದಲ್ಲಿ ಮೊಟ್ಟೆ ಉಳಿಯುವದು.

ಏಳನೆಯ ರಾತ್ರಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿರಿ. ಕೆಂಪು ಎಳೆಗಳು ಜೇಡನಂತೆ ಹರಡಿದ್ದರೆ ಒಳಗೆ ಜೀವವಿದೆ. ಏನೂ ಕಾಣದೆ ತಿಳಿಯಾಗಿರುವದನ್ನು ತೆಗೆದುಬಿಡಿರಿ. 21ನೆಯ ದಿವಸ ಮರಿಗಳು ಒಡೆಯುವವು. ಚಿಪ್ಪನ್ನು ಕೈಯಿಂದ ಬಿಡಿಸಲು ಆತುರಪಡಬಾರದು, ರಕ್ತ ಸೋರಿ ಮರಿ ಸಾಯಬಹುದು.

ಕಾವುಕೋಳಿ ಸಿಕ್ಕದ ಪೇಟೆಯವರು ವಿದ್ಯುತ್ತಿನ ಕಾವುಪೆಟ್ಟಿಗೆಯನ್ನು ಇಟ್ಟುಕೊಳ್ಳಬಹುದು. ಬೀಸಣಿಗೆಯುಳ್ಳ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಂಟಿಗ್ರೇಡ್ ಶಾಖವಿರಬೇಕು. ಒಳಗೆ ನೀರಿನ ತಟ್ಟೆ ಬೇಕು. 18ನೆಯ ದಿವಸದ ವರೆಗೆ ದಿನಕ್ಕೆ ಮೂರು ಸಾರಿಯಾದರೂ ಮೊಟ್ಟೆಗಳನ್ನು ಹೊರಳಿಸಬೇಕು. ಹೇಂಟೆಯಾದರೋ ಇದೆಲ್ಲವನ್ನೂ ಯಾರೂ ಕಲಿಸದೆ ಮಾಡುತ್ತದೆ. ವಿದ್ಯುತ್ತು ನಿಂತರೂ ಅದು ತಣ್ಣಗಾಗದು.

ಆದರೆ ವಾಚಕರೇ, ನಮ್ಮ ಮನೆಗಳಲ್ಲಿ ನಷ್ಟವಾಗುವದು ಕಾವಿನಲ್ಲಿ ಅಲ್ಲ, ಆಮೇಲಿನ ಆರು ವಾರಗಳಲ್ಲಿ. ಹನ್ನೆರಡು ಮೊಟ್ಟೆ ಇಟ್ಟ ತಾಯಿಯೊಬ್ಬಳು ಲೆಕ್ಕ ಹಾಕಿ ನೋಡಲಿ. ಮಾರಿದ್ದರೆ ಉಪ್ಪು ಎಣ್ಣೆಗಾಗುತ್ತಿತ್ತು. ಹತ್ತು ಮರಿಗಳು ಹುಟ್ಟಿ ಎರಡೇ ಉಳಿದರೆ ಮೊಟ್ಟೆಯ ಹಣವೂ ಹೋಯಿತು, ಹೇಂಟೆಯು ಮೊಟ್ಟೆಯಿಡದೆ ಕಳೆದ ಎರಡು ಮೂರು ತಿಂಗಳುಗಳೂ ಹೋದವು. ವರುಷಕ್ಕೆ ಐವತ್ತು ಅರವತ್ತು ಮೊಟ್ಟೆಯಿಡುವ ನಾಟಿಹೇಂಟೆಗೆ ಇದು ಸಣ್ಣ ನಷ್ಟವಲ್ಲ. ವಿಧವೆಯರ ಮನೆಯಲ್ಲಿ ಮಕ್ಕಳ ಪುಸ್ತಕದ ಹಣವು ಅನೇಕ ಸಾರಿ ಇದರಿಂದಲೇ ಬರುವದು.

ಆದಕಾರಣ ಮೊದಲ ಎರಡು ವಾರ ತಾಯಿಯನ್ನೂ ಮರಿಗಳನ್ನೂ ಕುಕ್ಕೆಯ ಕೆಳಗಿಡಿರಿ. ಇಬ್ಬನಿ ಆರಿದ ಮೇಲೆ ಮಾತ್ರ ಹೊರಗೆ ಬಿಡಿರಿ. ನೆನೆದ ಮರಿಯು ಚಳಿಯಿಂದ ಸಾಯುವದು. ನೀರನ್ನು ಆಳವಿಲ್ಲದ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ ಇಡಬೇಕು. ಮೇವಿಗೆ ರಾಗಿಯೂ ಅಕ್ಕಿಯ ನುಚ್ಚೂ ಸಾಲದು, ಹುಳುಗಳೂ ಬೇಕು. ಹಳೇ ಮಡಕೆಯಲ್ಲಿ ಒದ್ದೆ ಹುಲ್ಲನ್ನೂ ಸಗಣಿಯನ್ನೂ ತುಂಬಿ ಗೆದ್ದಲಿರುವಲ್ಲಿ ಸಂಜೆ ಬೋರಲು ಹಾಕಿದರೆ, ಬೆಳಿಗ್ಗೆ ಮರಿಗಳಿಗೆ ಹಬ್ಬವಾಗುವದು. ಇದು ನಮ್ಮ ಹಿರಿಯರ ಉಪಾಯ. ದುಡ್ಡು ಕೊಟ್ಟು ತರುವ ಮೇವಿಗೆ ಇದೇನೂ ಕಡಿಮೆಯಲ್ಲ. ಹಗಲು ಹದ್ದು ಕಾಗೆಗಳಿಗೆ ಹೆದರಿ, ರಾತ್ರಿ ಬೆಕ್ಕು ಮುಂಗುಸಿ ಹೆಗ್ಗಣಗಳಿಗೆ ಹೆದರಿ, ನೆಲದಿಂದ ಮೊಳದೆತ್ತರಕ್ಕೆ ಜಾಲರಿಯ ಗೂಡು ಕಟ್ಟಿಸುವದು ಯೋಗ್ಯ. ಒಳಗಿನ ಹೊಟ್ಟು ಒಣಗಿರಲಿ. ಒದ್ದೆಯಾದರೆ ರಕ್ತಭೇದಿ ಹಿಡಿಯುವದು.

ಗಿರಿರಾಜ ತಳಿಯ ಕುರಿತು ಕೆಲವರು ಕೇಳುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದಲ್ಲಿ ಸಿದ್ಧವಾದ ಆ ಕೋಳಿಯು ನಾಟಿಗಿಂತ ತೂಕದಲ್ಲಿಯೂ ಮೊಟ್ಟೆಯಲ್ಲಿಯೂ ಬಹಳ ಮೇಲು. ಆದರೆ ಅದು ಕಾವಿಗೆ ಕೂರುವದು ವಿರಳ. ಆದುದರಿಂದ ಗಿರಿರಾಜ ಇಟ್ಟುಕೊಂಡವರೂ ಒಂದೆರಡು ನಾಟಿಹೇಂಟೆಗಳನ್ನು ಬಿಡಬಾರದು.

ಕೊನೆಯದಾಗಿ ಕೊಕ್ಕರೆ ರೋಗ. ಹಿಮಾಲಯದ ಮಡಿಲಿನ ರಾಣಿಖೇತದಲ್ಲಿ 1927–28ರ ಸುಮಾರಿಗೆ ಕಾಣಿಸಿಕೊಂಡ ಕಾರಣ ಅದಕ್ಕೆ ರಾಣಿಖೇತ ರೋಗವೆಂದೂ ಹೆಸರುಂಟು. ಹಸುರು ಭೇದಿ, ಏದುಸಿರು, ಕತ್ತು ತಿರುಚುವದು ಇದರ ಗುರುತುಗಳು. ಬಂದ ಮೇಲೆ ಔಷಧವಿಲ್ಲ. ಒಂದು ವಾರದಲ್ಲಿ ಕೇರಿಯೇ ಬರಿದಾಗುವದು. ಲಸಿಕೆಯೊಂದೇ ಉಪಾಯ. ಐದರಿಂದ ಏಳನೆಯ ದಿವಸದೊಳಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು. ನಡುವಣ ಮದ್ದಿನ ವಿಷಯವನ್ನು ಪಶುವೈದ್ಯರಲ್ಲಿ ವಿಚಾರಿಸಿರಿ. ಒಂದು ಶೀಸೆಯಲ್ಲಿ ನೂರು ಕೋಳಿಗಳಿಗೋ ಹೆಚ್ಚಿಗೋ ಆಗುವಷ್ಟು ಮದ್ದು ಇರುವದು. ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು. ಹತ್ತು ಮರಿಯವಳೊಬ್ಬಳು ಹೋಗಿ ಕೇಳಿದರೆ ವೈದ್ಯರು ಹಿಂದುಮುಂದು ನೋಡುವದು ಇದೇ ಕಾರಣದಿಂದ. ಕೇರಿಯ ಹೆಂಗಸರೆಲ್ಲರೂ ಒಂದೇ ವಾರದಲ್ಲಿ ಕೋಳಿಗಳನ್ನು ಕಾವಿಗೆ ಕೂರಿಸಿ, ಮರಿಗಳ ಲೆಕ್ಕವನ್ನು ಮೊದಲೇ ಪಶು ಆಸ್ಪತ್ರೆಗೆ ತಿಳಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿ ಮದ್ದನ್ನು ತರಿಸಿಕೊಂಡು, ಬಿಸಿಲೇರುವ ಮುಂಚೆ ಒಂದೇ ಅಂಗಳದಲ್ಲಿ ಹಾಕಿಸತಕ್ಕದ್ದು.